ಕಾಗೆ ಮುಟ್ಟದ ಎಡೆ

ನಮ್ಮ ಮನೆಯಲ್ಲಿ ‘ಸಾಕು’ ಅನ್ನೋ ಮಾತಿಗೆ ಮೂರು ಕಾಸಿನ ಬೆಲೆ ಇರ್ಲಿಲ್ಲ. ಊಟಕ್ಕೆ ಕೂತವರು ಸಾಕು ಅಂದ್ರೆ ಇನ್ನೊಂದು ಬಡಿಸಿ ಅಂತ ಅರ್ಥ. ಮಾಗಡಿ ಕಡೆಯಿಂದ ಮದುವೆಯಾಗಿ ಚಿಕ್ಕಬಾಣಾವರದ ಈ ಮನೆಗೆ ಬಂದ ಹೊಸದರಲ್ಲಿ, ಮೊದಲನೇ ಊಟಕ್ಕೇ ತಟ್ಟೆಗೆ ಕೈ ಅಡ್ಡ ಹಿಡಿದು “ಸಾಕು ಅತ್ತೆ” ಅಂದಿದ್ದೆ. ನಮ್ಮತ್ತೆ ಆ ಕೈಯನ್ನೇ ಪಕ್ಕಕ್ಕೆ ಸರಿಸಿ ಇನ್ನೊಂದು ಮುದ್ದೆ ಇಟ್ರು. “ಉಣ್ಣೋವಾಗ ಸಾಕು ಅನ್ಬಾರ್ದು ಕಣವ್ವ, ಲಕ್ಷ್ಮಿ ಎದ್ದೋಯ್ತಾಳೆ” ಅಂದ್ರು. ಎಷ್ಟೋ ವರ್ಷ ಆ ಮನೆಯಲ್ಲಿ ಉಂಡಿದ್ದೀನಿ, ಅವರ ಬಾಯಲ್ಲಿ ಆ ಮಾತು ಬಂದಿದ್ದನ್ನ ಕೇಳಿರ್ಲಿಲ್ಲ.

ಅವರನ್ನ ತಪ್ಪು ಅನ್ನೋಕೂ ಆಗಲ್ಲ. ಆಗ ಮನೆ ಹಿಂದೆ ರಾಗಿ ಹೊಲ ಇತ್ತು. ಕಳೆ ಕಿತ್ತು, ಹುಲ್ಲು ಹೊತ್ತು ಬಂದವರಿಗೆ ಎರಡು ಮುದ್ದೆ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಹೊಲ ಹೋಯ್ತು. ಅದಿದ್ದ ಜಾಗದಲ್ಲಿ ಶೆಡ್ಡುಗಳು ಎದ್ವು, ಬಾಡಿಗೆ ರೂಮುಗಳು ಎದ್ವು, ರೂಮುಗಳಿಗೆ ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸದವರು ಬಂದು ಸೇರ್ಕೊಂಡ್ರು. ಹೊಲ ಹೋಗಿದ್ದು ನಮ್ಮನೆ ಮುದ್ದೆಗೆ ಮಾತ್ರ ಯಾರೂ ಹೇಳ್ಲಿಲ್ಲ. ಅದು ಅಷ್ಟೇ ದಪ್ಪ ಉಳ್ಕೊಂಡಿತು. ಅದರ ಪಕ್ಕಕ್ಕೆ ಬೋಂಡಾ ಬಂತು, ಕಬಾಬ್ ಬಂತು, ಬಾಟ್ಲಿ ಜ್ಯೂಸ್ ಬಂತು. ನಡೆಯೋದೊಂದು ನಿಂತೇ ಹೋಯ್ತು. ಓನರ್ ಮನೆಯವರು ಬಾಡಿಗೆಯವರ ಮುಂದೆ ನಡ್ಕೊಂಡು ಹೋದ್ರೆ ಮರ್ಯಾದೆ ಏನಾಗ್ಬೇಕು? ಬೀದಿ ಕೊನೆಯಲ್ಲಿರೋ ಹಾಲಿನ ಅಂಗಡಿಗೂ ಸ್ಕೂಟರ್ ಸ್ಟಾರ್ಟ್ ಮಾಡ್ತಿದ್ವಿ. ನಾನೂ ಸೇರಿ.

ನಮ್ಮನೆಯವರು ಪೀಣ್ಯದಲ್ಲಿ ಒಂದು ಸಣ್ಣ ಲೇತ್ ಶೆಡ್ ಇಟ್ಕೊಂಡಿದ್ರು. ಆಳು ದೊಡ್ಡ ದೇಹದವರು, ನಗೋದೂ ಹಾಗೇ. ಅತ್ತೆಗೆ ಒಬ್ಬನೇ ಮಗ. ಮಗ ಬಂದು ಚಪ್ಪಲಿ ಬಿಡೋದೇ ತಡ, “ಒಟ್ಟೆ ಅಸ್ದಿರ್ತದೆ ಬಾರ್ಲಾ” ಅಂತ ತಟ್ಟೆ ಇಡೋರು. ಅವರು ಸಾಕು ಅನ್ನೋರು, ಇವರು ಬಡಿಸೋರು, ಅವರು ತಿನ್ನೋರು. ಡಾಕ್ಟ್ರು ಬಿ.ಪಿ. ಇದೆ, ಶುಗರ್ ಇದೆ, ತೂಕ ಇಳಿಸಿ ಅಂತ ಹೇಳಿದ್ರು. “ಇಳ್ಸೋಣ ಬಿಡೇ, ಎಲ್ಲಿಗೋಗುತ್ತೆ” ಅಂದ್ರು ನಮ್ಮನೆಯವರು. ಒಂದು ಬೆಳಿಗ್ಗೆ ಶೆಡ್ಡಿನ ಷಟರ್ ಎತ್ತೋಕೆ ಅಂತ ಬಗ್ಗಿದೋರು ಮತ್ತೆ ಮೇಲೇಳ್ಲಿಲ್ಲ. ಆಗಿನ್ನೂ ಅವರಿಗೆ ತಲೆಕೂದಲು ಕೂಡ ನೆರೆತಿರ್ಲಿಲ್ಲ.

ನನಗೆ ಅಳು ಬರ್ಲಿಲ್ಲ. ಎಲ್ಲರೂ ಕಾದ್ರು, ಮೈ ಮೇಲೆ ಬಿದ್ದು ಅಲ್ಲಾಡಿಸಿದ್ರು, “ಅತ್ತುಬಿಡಮ್ಮ, ಒಳಗೇ ಇಟ್ಕೋಬೇಡ” ಅಂದ್ರು. ಕಾಲಿಗೆ ಜೋಮು ಹಿಡಿದಾಗ ಚಿವುಟಿದ್ರೂ ಯಾರದೋ ಕಾಲು ಅನ್ನಿಸುತ್ತಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಬಂದವರಿಗೆ ಕಾಫಿ ಆಯ್ತಾ ಅಂತ ವಿಚಾರಿಸ್ತಿದ್ದೆ. ಶಾಮಿಯಾನದವನಿಗೆ ಕುರ್ಚಿ ಸಾಲಲ್ಲ ಅಂತ ಬೈದೆ. ಕಲ್ಲು ಕಣ್ರೀ ಅವಳು ಅಂತ ಹಿಂದೆ ಆಡ್ಕೊಂಡಿದ್ದು ನನ್ನ ಕಿವಿಗೂ ಬಿತ್ತು. ಇರಬಹುದು ಅನ್ಕೊಂಡೆ.

ಹನ್ನೊಂದನೇ ದಿನ ತಿಥಿ. ತೀರಿಹೋದವರಿಗೆ ಇಷ್ಟ ಇದ್ದಿದ್ದನ್ನೆಲ್ಲ ಮಾಡಿ ಎಡೆ ಇಡೋದು ನಮ್ಮಲ್ಲಿ ಪದ್ಧತಿ. ಬಾಳೆಎಲೆ ತುಂಬ ಬಿರಿಯಾನಿ, ಕಬಾಬ್, ಬೋಟಿ ಗೊಜ್ಜು, ಚಕ್ಕುಲಿ, ಮೈಸೂರುಪಾಕು, ಅವರು ಕುಡೀತಿದ್ದ ಕಿತ್ತಳೆ ಬಣ್ಣದ ಜ್ಯೂಸು ಎಲ್ಲ ಇಟ್ಟು ತಾರಸಿ ಮೇಲೆ ತಗೊಂಡು ಹೋದ್ವಿ. ಕಾಗೆ ಬಂದು ಮುಟ್ಟಿದ್ರೆ ಹೋದವರು ತೃಪ್ತಿಯಾಗಿ ಉಂಡ್ರು ಅಂತ. ಕಾಗೆ ಬರ್ಲಿಲ್ಲ. ಸುತ್ತ ಕಟ್ಟಡಗಳು, ಡಿಶ್‌ಗಳು, ಸಾಲು ನೀರಿನ ಟ್ಯಾಂಕ್‌ಗಳು. ಒಂದು ಮರ ಇಲ್ಲ. ಪಾರಿವಾಳ ಮಾತ್ರ ಟ್ಯಾಂಕ್ ಮೇಲೆ ಕೂತು ಗುಟುರ್ ಗುಟುರ್ ಅಂತಿದ್ವು. ಕಾ ಕಾ ಅಂತ ಕರೆದು ಕರೆದು ನೆಂಟರ ಗಂಟಲು ಕಟ್ತು, ಬಿಸಿಲು ನೆತ್ತಿಗೆ ಬಂತು. ನಮ್ಮತ್ತೆ ಸಿಮೆಂಟ್ ನೆಲದ ಮೇಲೇ ಕುಸಿದು ಕೂತು ಎದೆ ಎದೆ ಬಡ್ಕೊಂಡ್ರು. “ಅಸ್ಕಂಡೇ ಓದ್ನಲ್ಲಪ್ಪೋ ನನ್ ಮಗ! ಬೆಳಗ್ಗೆ ಒಂದ್ ಇಡ್ಲಿನೂ ತಿನ್ದೆ ಓದ್ನಲ್ಲೋ!”

ಆಗ ನನ್ನ ಮಗಳು ಎಲೆ ಮುಂದೆ ಹೋಗಿ ಕೂತ್ಳು. ಆಗಿನ್ನೂ ಏಳನೇ ಕ್ಲಾಸು. ಯಾರನ್ನೂ ಕೇಳ್ಲಿಲ್ಲ. ಅಜ್ಜಿ ಮುಖಾನೇ ನೋಡ್ತಾ ಬಿರಿಯಾನಿಗೆ ಕೈ ಹಾಕಿ ತಿನ್ನೋಕೆ ಶುರು ಮಾಡಿದ್ಳು. ಅತ್ತೆಯ ಅಳು ನಲ್ಲಿ ತಿರುಗಿಸಿದ ಹಾಗೆ ನಿಂತು ಹೋಯ್ತು. “ಮಗಳ ರೂಪದಲ್ಲಿ ಬಂದ ನೋಡ್ರಪ್ಪ” ಅಂತ ಯಾರೋ ದೊಡ್ಡವರು ಅಂದ್ರು. ಎಲ್ಲರೂ ಕಣ್ಣೊರೆಸ್ಕೊಂಡು ಕೆಳಗಿಳಿದು ಊಟಕ್ಕೆ ಕೂತ್ರು. ಒಳ್ಳೇದೇ ಆಯ್ತು ಅಂತ ನಾನೂ ಬಡಿಸೋಕೆ ಹೋದೆ.

ಶೆಡ್ ಮಿಷನ್‌ಗಳನ್ನ ಬೇರೆಯವರಿಗೆ ಕೊಟ್ಟು, ನಾನು ಪೀಣ್ಯದಲ್ಲೇ ಒಂದು ಗಾರ್ಮೆಂಟ್ಸ್‌ಗೆ ಸೇರ್ಕೊಂಡೆ. ಮದುವೆಗೆ ಮುಂಚೆ ಕಲಿತ ಕೆಲಸ, ಬೇಗ ಸೂಪರ್‌ವೈಸರ್ ಮಾಡಿದ್ರು. ಬಾಡಿಗೆ ಬರ್ತಿರುವಾಗ ನಿಂಗ್ಯಾಕಮ್ಮ ಇದೆಲ್ಲ ಅಂತ ಊರವರು ಕೇಳಿದ್ರು. ಮನೇಲಿ ಕೂತ್ರೆ ನಮ್ಮನೆಯವರ ಫೋಟೋ ಎದುರಿಗೆ ಕೂರ್ಬೇಕು, ಅದಕ್ಕೆ ಅಂತ ಯಾರಿಗೆ ಹೇಳ್ಲಿ? ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆ ದೀಪ ಹಚ್ಚೋ ಹೊತ್ತು ಮೀರಿ ಬರ್ತಿದ್ದೆ. ಅಲ್ಲಿ ನೂರಾರು ಮಿಷನ್ ಒಟ್ಟಿಗೆ ಓಡುತ್ವೆ, ಯೋಚನೆ ಮಾಡ್ಬೇಕಂದ್ರೂ ಕೇಳಿಸಲ್ಲ. ನನಗೆ ಬೇಕಾಗಿದ್ದೂ ಅದೇ.

ಮಗಳ ಯೂನಿಫಾರಂ ಮಾತ್ರ ನಾನೇ ಹೊಲೀತಿದ್ದೆ. ಬೆಳೆಯೋ ಮಕ್ಕಳು ಅಂತ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರ್ತೀವಿ. ಅದನ್ನ ಒಂದ್ಸಲ ಬಿಚ್ಚಿ ಅಗಲ ಮಾಡಿದೆ, ಇನ್ನೊಂದ್ಸಲ ಮಾಡಿದೆ. ಒಳಗೆ ಬಿಟ್ಟಿದ್ದ ಬಟ್ಟೆ ಮುಗೀತು. ವರ್ಷದ ಮಧ್ಯದಲ್ಲೇ ಹೊಸದು ಕತ್ತರಿಸ್ಬೇಕಾಯ್ತು. ಟೇಪು ಹಿಡಿದು ಸೊಂಟದ ಅಳತೆ ತಗೋವಾಗ ಅವಳು ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆಳ್ಕೊಂಡಳು. “ಬಿಡೇ ಉಸಿರು, ಅಳತೆ ತಪ್ಪುತ್ತೆ” ಅಂದೆ. ಆಗಲೇ ಅವಳ ಕತ್ತಿನ ಹಿಂಭಾಗ ನೋಡಿದ್ದು. ಮಸಿ ಬಟ್ಟೆ ಒರೆಸಿದಂಗೆ ಕಪ್ಪಗೆ ಪಟ್ಟಿ, ಮುಟ್ಟಿದ್ರೆ ಒರಟು.

“ಕೊಳೆ ಅದು. ನಾನು ವಾರ ವಾರ ತಿಕ್ತೀನಿ, ಓಗಾಕಿಲ್ಲ ಅಂತದೆ” ಅಂದ್ರು ಅತ್ತೆ. ಕಡ್ಲೆಹಿಟ್ಟು ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಕತ್ತು ಕೆಂಪಗೆ ಮಾಡಿದ್ರು. ಮಗಳು ತುಟಿ ಪಿಟಕ್ ಅನ್ನದೆ ಉಜ್ಜಿಸ್ಕೊಂಡಿದ್ಳು.

ಜ್ವರಕ್ಕೆ ಅಂತ ಕ್ಲಿನಿಕ್‌ಗೆ ಹೋದಾಗ ಡಾಕ್ಟರಮ್ಮ ಜ್ವರದ ಮಾತು ಬಿಟ್ಟು ಆ ಕತ್ತನ್ನೇ ನೋಡಿದ್ರು. ತೂಕ ಹಾಕಿದ್ರು, ರಕ್ತ ಪರೀಕ್ಷೆಗೆ ಬರೆದುಕೊಟ್ರು. ರಿಪೋರ್ಟ್ ಬಂದ ಮೇಲೆ ಮಗಳನ್ನ ಹೊರಗೆ ಕೂರಿಸಿ ನನಗೆ ಹೇಳಿದ್ರು: “ಇದು ಕೊಳೆ ಅಲ್ಲಮ್ಮ. ತೂಕ ಜಾಸ್ತಿಯಾಗಿ, ದೇಹಕ್ಕೆ ಸಕ್ಕರೆ ನಿಭಾಯಿಸೋಕೆ ಕಷ್ಟ ಆಗ್ತಿದೆ ಅನ್ನೋ ಗುರುತು. ಶುಗರ್ ಇನ್ನೂ ಬಂದಿಲ್ಲ, ಹತ್ತಿರ ಬಂದು ನಿಂತಿದೆ. ಈಗ್ಲೇ ನೋಡ್ಕೊಂಡ್ರೆ ತಡೀಬಹುದು. ಮನೇಲಿ ಯಾರಿಗಿತ್ತು?” ಅವಳಪ್ಪನಿಗೆ ಅಂದೆ. ಎಲ್ಲಿದ್ದಾರೆ ಅಂತ ಕೇಳಿದ್ರು. ಹೇಳಿದೆ. ಅವರು ಪೆನ್ನು ಕೆಳಗಿಟ್ರು.

ಭಯ ಆಯ್ತು ನನಗೆ. ನಮ್ಮನೆಯವರು ಹೋದ ಮೇಲೆ ಏನಾದ್ರೂ ಒಂದು ಅನ್ನಿಸಿದ್ದು ಅಂದ್ರೆ ಅದೇ. ಗೋಡೆ ಮೇಲೆ ಇವರ ಫೋಟೋ ಪಕ್ಕದಲ್ಲಿ ಖಾಲಿ ಜಾಗ ಇದೆ. ಬಸ್ಸಿನಲ್ಲಿ ಕೂತಾಗಲೆಲ್ಲ ಆ ಜಾಗ ಕಣ್ಣಿಗೆ ಬರ್ತಿತ್ತು.

ಡಾಕ್ಟರಮ್ಮ ಹೇಳಿದ್ದು ದೊಡ್ಡ ವಿದ್ಯೆ ಏನಲ್ಲ. ಉಪವಾಸ ಕೆಡವಬೇಡಿ, ಬೆಳೆಯೋ ಮಗು. ಅವಳಿಗೊಬ್ಬಳಿಗೇ ಬೇರೆ ಅಡುಗೆ ಬೇಡ, ಇಡೀ ಮನೆ ತಿನ್ನೋದು ಬದಲಾಗ್ಲಿ. ಬಾಟ್ಲಿ ಜ್ಯೂಸು, ಕರಿದಿದ್ದು ದಿನಾ ಬೇಡ. ಅನ್ನ ಕಮ್ಮಿ ಮಾಡಿ ಸೊಪ್ಪು, ಕಾಳು, ಮೊಟ್ಟೆ ಜಾಸ್ತಿ ಮಾಡಿ. ದಿನಾ ಒಂದು ಗಂಟೆ ಮೈ ಬೆವರಲಿ, ಆಟ ಆದ್ರೆ ಇನ್ನೂ ಒಳ್ಳೇದು. ದಪ್ಪಿ ಅಂತ ಮಾತ್ರ ಯಾರೂ ಕರೀಬೇಡಿ. ಅಷ್ಟೇ.

ಆಟ ಅಂದ್ರೆ ಎಲ್ಲಿ? ಅವಳ ಸ್ಕೂಲಿನ ಆಟದ ಮೈದಾನದಲ್ಲಿ ಸ್ಕೂಲ್ ವ್ಯಾನ್‌ಗಳು ನಿಲ್ತಾವೆ. ಪಿ.ಟಿ. ಪೀರಿಯಡ್ ಬಂದ್ರೆ ಗಣಿತದ ಮೇಡಂ ಚಾಕ್‌ಪೀಸ್ ಹಿಡ್ಕೊಂಡು ಬರ್ತಾರೆ. ನಮ್ಮ ರಸ್ತೆಗೆ ಫುಟ್‌ಪಾತ್ ಇಲ್ಲ, ಮಧ್ಯದಲ್ಲಿ ನೀರಿನ ಟ್ಯಾಂಕರ್, ಪಕ್ಕದಲ್ಲಿ ನಾಯಿ. ಅದಕ್ಕೇ ನಾವಿಬ್ಬರೂ ಬೆಳಿಗ್ಗೆ ತಾರಸಿ ಮೇಲೆ ನಡೆಯೋಕೆ ಶುರು ಮಾಡಿದ್ವಿ, ಬಾಡಿಗೆಯವರು ಒಣ ಹಾಕಿದ ಸೀರೆ, ಪ್ಯಾಂಟುಗಳ ಸಂದಿಯಲ್ಲಿ ತಲೆ ತಗ್ಗಿಸ್ಕೊಂಡು, ಟ್ಯಾಂಕ್‌ಗಳನ್ನ ಸುತ್ತು ಹಾಕ್ಕೊಂಡು. ನಾನು ಮುಂದೆ, ಅವಳು ಹಿಂದೆ ಏದುಸಿರು ಬಿಡ್ತಾ. ಮಾತಿಲ್ಲ ಕತೆಯಿಲ್ಲ. ಡ್ಯೂಟಿ ಥರ ನಡೀತಿದ್ವಿ.

ಅಡುಗೆನೂ ಬದಲಾಯಿಸಿದೆ. ಬೆಳಿಗ್ಗೆ ಎದ್ದು ಹೆಸರುಕಾಳು ನೆನೆಹಾಕಿದ ಡಬ್ಬಿ ತೆಗೆದು ಉಸಲಿ ಮಾಡಿದೆ. ಬಸ್ಸಾರು ಮಾಡಿ ಸೊಪ್ಪಿನ ಪಲ್ಯ ತಟ್ಟೆ ತುಂಬ ಹಾಕಿ, ಮುದ್ದೆ ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾಗಿ ಕಟ್ಟಿದೆ. ಅದನ್ನ ನೋಡಿ ಅತ್ತೆ ಕಣ್ಣು ಬಿಟ್ರು. “ಏನೇ ಇದು, ಗುಬ್ಬಿ ಮೊಟ್ಟೆ? ಮೊಗೀನ ಒಟ್ಟೆ ಮ್ಯಾಲೆ ಒಡೀತೀಯೇನೇ?” ನಾನು ಡಾಕ್ಟ್ರು ಹೇಳಿದ್ದಾರೆ ಅಂದೆ. “ಡಾಕ್ಟ್ರೇನು ಎತ್ತಾರಾ?” ಅಂದ್ರು. ಹೆತ್ತಿದ್ದು ನಾನು ಅಂತ ಬಾಯಿಗೆ ಬಂದಿತ್ತು, ನುಂಗ್ಕೊಂಡೆ.

ಮಗಳು ಮಾತ್ರ ಚಕಾರ ಎತ್ತದೆ ಕೊಟ್ಟಷ್ಟು ತಿಂದು ಏಳ್ತಿದ್ಳು. ಇನ್ನೊಂದು ಬೇಕು ಅನ್ಲಿಲ್ಲ. ಆದ್ರೂ ತೂಕ ಇಳೀಲಿಲ್ಲ. ತಿಂಗಳು ಬಿಟ್ಟು ಕ್ಲಿನಿಕ್‌ಗೆ ಹೋದ್ರೆ ಮುಳ್ಳು ಮೇಲಕ್ಕೇ ಹೋಗಿತ್ತು. ಡಾಕ್ಟರಮ್ಮ ನನ್ನ ಮುಖ ನೋಡಿದ್ರು, ನಾನು ಮಗಳ ಮುಖ ನೋಡಿದೆ, ಅವಳು ಗೋಡೆ ಮೇಲಿನ ಚಾರ್ಟ್ ನೋಡಿದ್ಳು.

ಮನೆಗೆ ಬಂದು ಅವಳ ಸ್ಕೂಲ್ ಬ್ಯಾಗ್ ಸುರುವಿದೆ. ಗೋಬಿ ಮಂಚೂರಿಗೋ ಪಾನಿಪುರಿಗೋ ದುಡ್ಡು ಎಲ್ಲೋ ಸಿಕ್ತಿರ್ಬೇಕು ಅಂತ. ಪೆನ್ಸಿಲ್ ಸಿಪ್ಪೆ ಬಿಟ್ಟು ಏನೂ ಬೀಳ್ಲಿಲ್ಲ. “ಎಲ್ಲಿ ತಿಂತೀಯೇ? ಹೇಳ್ತೀಯೋ ಇಲ್ವೋ?” ಅಂತ ಕೂಗಾಡಿದೆ. “ಹೊರಗೆ ಎಲ್ಲೂ ತಿನ್ನಲ್ಲಮ್ಮ” ಅಂದ್ಳು. ಅಜ್ಜಿ ಕಡೆ ನೋಡಿ ಬ್ಯಾಗಿಗೆ ಪುಸ್ತಕ ತುಂಬ್ಕೊಂಡ್ಳು. ಅತ್ತೆ ಎದ್ದು ಅಡುಗೆಮನೆಗೆ ಹೋದ್ರು.

ಕೆಳಗಿನ ರೂಮಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳಿದ್ದಾಳೆ, ಗಂಡ ಗಾರೆ ಕೆಲಸಕ್ಕೆ ಹೋಗ್ತಾನೆ. ನೀರು ಬಿಡೋವಾಗ ಒಂದಿನ ಅವಳು ನಗ್ತಾ ಅಂದಿದ್ಳು: “ನಿಮ್ಮ ಅತ್ತಿ ಅಡಗಿ ಛೊಲೋ ಮಾಡ್ತಾರ ಬಿಡ್ರಿ ಅಕ್ಕಾರ. ಮಧ್ಯಾಹ್ನ ಆದ್ರ ದಿನಾ ಹಬ್ಬದ ವಾಸನಿ ಬರ್ತದ.” ಮಧ್ಯಾಹ್ನ ನಮ್ಮನೇಲಿ ಏನಮ್ಮ ಹಬ್ಬ, ಪಕ್ಕದ ಹೋಟೆಲ್‌ದಿರ್ಬೇಕು ಅಂದು ವಾಲ್ವ್ ತಿರುಗಿಸಿದ್ದೆ.

ಆಮೇಲೊಂದು ದಿನ ಫ್ಯಾಕ್ಟರಿಯಲ್ಲಿ ಕರೆಂಟ್ ಹೋಗಿ, ಜನರೇಟರೂ ಕೆಟ್ಟು, ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದ್ರು. ಬಸ್ಸಿಳಿದು ಮನೆ ಮೆಟ್ಟಿಲು ಹತ್ತೋವಾಗ ಕಬಾಬ್ ಕರಿದ ವಾಸನೆ ಮೂಗಿಗೆ ಬಂತು. ನಮ್ಮನೆಯದೇ. ಸ್ಕೂಲ್ ಬಿಟ್ಟು ಆಗಷ್ಟೇ ಬಂದಿದ್ದ ಮಗಳ ಬೂಟು ಬಾಗಿಲಲ್ಲಿತ್ತು. ನಾನು ಸದ್ದು ಮಾಡ್ದೆ ಒಳಗೆ ಹೋದೆ.

ಅತ್ತೆ ರೂಮಲ್ಲಿ ನಮ್ಮನೆಯವರ ಇನ್ನೊಂದು ಫೋಟೋ ಇದೆ, ಹಾರ ಹಾಕಿ ಸಣ್ಣ ಬಲ್ಬ್ ಹಚ್ಚಿರೋದು. ಅದರ ಮುಂದೆ ನೆಲದ ಮೇಲೆ ಸ್ಟೀಲ್ ತಟ್ಟೆ. ಘೀ ರೈಸ್, ಕಬಾಬ್, ಎರಡು ಬೋಂಡಾ, ಒಂದು ತುಂಡು ಮೈಸೂರುಪಾಕು. ಲೋಟದಲ್ಲಿ ಆ ಕಿತ್ತಳೆ ಬಣ್ಣದ ಜ್ಯೂಸು. ನನ್ನ ಮಗಳು ಯೂನಿಫಾರಂನಲ್ಲೇ ಚಕ್ಕಂಬಕ್ಕಳ ಹಾಕಿ ಕೂತು ತಿಂತಿದ್ಳು. ಆಸೆಯಿಂದ ಅಲ್ಲ. ಹೋಂವರ್ಕ್ ಮುಗಿಸೋ ಹಾಗೆ, ಒಂದು ಕಡೆಯಿಂದ. ಪಕ್ಕದಲ್ಲಿ ಅತ್ತೆ ಕೂತು ಅವಳ ಬೆನ್ನು ಸವರ್ತಾ “ಇನ್ನೊಂಚೂರು ಕಣ್ ಮಗಾ, ಅದೊಂದ್ ಬುಡ್ಬ್ಯಾಡ” ಅಂತಿದ್ರು. ಅದು ಅವರು ನಮ್ಮನೆಯವರಿಗೆ ಹೇಳ್ತಿದ್ದ ಮಾತೇ, ಅದೇ ರಾಗ.

ಆವತ್ತು ನನ್ನ ಬಾಯಿಂದ ಬಂದಿದ್ದನ್ನೆಲ್ಲ ಬರೆಯಲ್ಲ. ತಟ್ಟೆ ಎತ್ತಿ ಸಿಂಕಿಗೆ ಎಸೆದು ನಲ್ಲಿ ಬಿಟ್ಟೆ. ಒಬ್ಬರನ್ನ ತಿನ್ನಿಸಿ ತಿನ್ನಿಸಿ ಕಳಿಸಿದ್ದು ಸಾಲ್ದಾ ಅಂತ ಕೇಳಿದೆ. ಅತ್ತೆ ಸೆರಗಿನ ತುದಿ ಸುತ್ತುತ್ತಾ, ನೆಲ ನೋಡ್ತಾ, “ಕಾಗೆ ಬರ್ನಿಲ್ವಲ್ಲವ್ವ” ಅಂದ್ರು. “ಆವತ್ತಿಂದ ಒಂದ್ ದಿನಾನೂ ಬರ್ನಿಲ್ಲ. ನಾನು ದಿನಾ ಮ್ಯಾಲೋಗಿ ಕರೀತೀನಿ. ಕೂಸು ಉಂಡ್ರೆ ಅವ್ನಿಗೆ ಓಗ್ತದೆ ಅಂತ ಮಡಗ್ತಿದ್ದೆ.”

ಮಗಳು ತೊಳೆಯದ ಕೈ ಹಾಗೇ ಹಿಡ್ಕೊಂಡು ಗೋಡೆಗೆ ಒರಗಿ ನಿಂತಿದ್ಳು. “ನಿಂಗೆ ಬುದ್ಧಿ ಇಲ್ವೇನೇ?” ಅಂತ ಅವಳ ಮೇಲೆ ಹರಿಹಾಯ್ದೆ. “ಡಾಕ್ಟ್ರು ಹೇಳಿದ್ದು ನಿಂಗೂ ಗೊತ್ತಲ್ಲ? ಬೇಡ ಅನ್ನೋಕೆ ಬಾಯಿರ್ಲಿಲ್ವಾ?”

“ತಿನ್ನಲ್ಲ ಅಂದ್ರೆ ಅಜ್ಜಿ ಅಳ್ತಾಳೆ” ಅಂದ್ಳು. ಅಳ್ತಾ ಏನೂ ಹೇಳ್ಲಿಲ್ಲ, ಮಾಮೂಲಿ ದನಿಯಲ್ಲೇ. “ತಿಂದ್ರೆ ಅಳಲ್ಲ. ಅಪ್ಪನ ವಿಷಯ ಹೇಳ್ತಾಳೆ. ಚಿಕ್ಕೋನಿದ್ದಾಗ ಕೆರೇಲಿ ಬಿದ್ದಿದ್ದು, ಹುಣಸೆಹಣ್ಣು ಕದ್ದಿದ್ದು. ನೀನು ಅವ್ರ ವಿಷಯ ಮಾತೇ ಆಡಲ್ಲ. ಅಳೋದೂ ಇಲ್ಲ. ನಾನು ಇನ್ನೆಲ್ಲಿಗೆ ಹೋಗ್ಲಮ್ಮ?”

ನಾನು ಸಿಂಕಿನ ನಲ್ಲಿ ನಿಲ್ಲಿಸಿದೆ. ಕುಕ್ಕರ್ ತೊಳೆದಿಟ್ಟೆ. ಅವಳು ಹೇಳಿದ್ದು ನಿಜ ಅಂತ ಗೊತ್ತಾಯ್ತು, ಗೊತ್ತಾಗಿದ್ದು ತಲೆಗೆ ಮಾತ್ರ. ಎದೆಯಲ್ಲಿ ಹುಡುಕಿದ್ರೆ ಅಲ್ಲಿ ಏನೂ ಇರ್ಲಿಲ್ಲ.

ಮೂರು ಜನ ಇರೋ ಮನೆ, ಎಷ್ಟು ದಿನ ಮಾತಿಲ್ದೆ ಇರೋಕಾಗುತ್ತೆ? ಅತ್ತೆ ಅಡುಗೆಮನೆ ಕಡೆ ಬರೋದೇ ಬಿಟ್ರು. ಕರೆದ್ರೆ ಬಂದು ಎರಡು ತುತ್ತು ತಿಂದು ಏಳೋರು. ಭಾನುವಾರ ಬೆಳಿಗ್ಗೆ ಅವರು ಬಿಸಿಲಿಗೆ ಕೂತಿದ್ದಾಗ ಮಗಳನ್ನ ಕರ್ಕೊಂಡು ಹೋಗಿ ಮುಂದೆ ಕೂರಿಸಿ ಜಡೆ ಎತ್ತಿ ಹಿಡಿದೆ. ಜಗಳ ಆಡೋ ಮನಸ್ಸಿರ್ಲಿಲ್ಲ. “ನೋಡಿ ಅತ್ತೆ. ಇದು ಕೊಳೆ ಅಲ್ಲ. ಹೊಟ್ಟೆಗೆ ಹೋಗಿದ್ದು ಜಾಸ್ತಿಯಾಗಿ, ಮೈ ಆಡೋದು ಕಮ್ಮಿಯಾಗಿ, ಒಳಗೆ ಶುಗರ್ ಶುರುವಾಗೋಕೆ ಮುಂಚೆ ಹೀಗೆ ಬರುತ್ತಂತೆ. ಎಷ್ಟು ತಿಕ್ಕಿದ್ರೂ ಹೋಗಲ್ಲ. ತೂಕ ಇಳಿದ್ರೆ ತಾನಾಗೇ ತಿಳಿಯಾಗುತ್ತಂತೆ.”

ಅತ್ತೆ ಬೆರಳಿಂದ ಆ ಪಟ್ಟಿ ಮುಟ್ಟಿದ್ರು. ಒಂದು ಸಲ ಮೇಲಿಂದ ಕೆಳಕ್ಕೆ, ಒಂದು ಸಲ ಕೆಳಗಿಂದ ಮೇಲಕ್ಕೆ. ಆಮೇಲೆ ಅವರ ಬೆರಳು ಅಲ್ಲೇ ನಿಂತುಬಿಡ್ತು.

“ಅವ್ನ್ ಕತ್ತೂ ಇಂಗೇ ಇತ್ತಲ್ಲವ್ವ” ಅಂದ್ರು. “ಅವ್ನು ಈಜುಗಾರ, ಮರ ಅತ್ತೋನು. ಓದಕ್ಕೆ ಅಂತ ಕೂತ್ಮ್ಯಾಲೆ ಊದ್ಕಂಡ. ಆಗ ಇದೇ ಥರ ಕಪ್ಪಾಗಿತ್ತು. ಇದೇ ನಾರ್ನಾಗೆ ತಿಕ್ಕಿದ್ದೆ ನಾನು. ಕೊಳೆ ಅಂದ್ಕಂಡಿದ್ದೆ.”

ಮಗಳು ತಿರುಗಿ ಅಜ್ಜಿ ಮುಖ ನೋಡಿದ್ಳು.  ಕೆಳಗೆ ಯಾದಗಿರಿಯವಳು ರೊಟ್ಟಿ ಬಡಿಯೋ ಸದ್ದು ಕೇಳ್ತಿತ್ತು. ಅತ್ತೆ ಎದ್ದು ಬಚ್ಚಲಿಗೆ ಹೋಗಿ ಆ ತೆಂಗಿನ ನಾರು ತಗೊಂಡು ಬಂದು ಕಸದ ಬುಟ್ಟಿಗೆ ಹಾಕಿದ್ರು.

ಮಾರನೇ ದಿನದಿಂದ ದಿನದ ತಟ್ಟೆ ನಿಂತು ಹೋಯ್ತು. ನಾನು ಹೇಳದೇನೇ ಅತ್ತೆ ಸ್ಕೂಲ್ ವ್ಯಾನಿನವನಿಗೆ ಬರಬೇಡ ಅಂದು, ಮೊಮ್ಮಗಳನ್ನ ನಡೆಸ್ಕೊಂಡೇ ಹೊರಟ್ರು. ಹೊಲದಲ್ಲಿ ನಡೆದ ಕಾಲು. ಇಷ್ಟು ವರ್ಷ ಕೂತಿದ್ರೂ ಮರೆತಿರ್ಲಿಲ್ಲ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ಯಾಂಕರ್‌ಗಳನ್ನೇ ಬೈಕೊಂಡು ಬಿರಬಿರನೆ ಮುಂದೆ, ಮೊಮ್ಮಗಳು “ಅಜ್ಜೀ ನಿಧಾನ” ಅಂತ ಹಿಂದೆ. “ಏನಮ್ಮ, ಗಾಡಿ ಕೆಟ್ಟೋಯ್ತಾ?” ಅಂತ ಊರ ಯಜಮಾನರೊಬ್ಬರು ಕೇಳಿದ್ರಂತೆ. “ಗಾಡಿ ಸಂದಾಗದೆ, ನಾವೇ ಕೆಟ್ಟಿರಾದು” ಅಂದ್ರಂತೆ ಅತ್ತೆ. ಇದನ್ನ ಹೇಳಿ ಮಗಳು ನಕ್ಕಳು. ಅವಳು ಹಲ್ಲು ಕಾಣೋ ಹಾಗೆ ನಕ್ಕು ಯಾವ ಕಾಲವಾಗಿತ್ತೋ. ಸಂಜೆ ಕೆಳಗಿನ ರೂಮಿನ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡೋಕೆ ಅಂತ ಇಳಿಯೋಕೂ ಶುರು ಮಾಡಿದ್ಳು. ಇಷ್ಟು ದೊಡ್ಡ ಹುಡುಗಿ ಕುಂಟೋದನ್ನ ನೋಡಿ ಮೊದಮೊದಲು ಅವರು ಕಿಸಕ್ ಅಂತಿದ್ರು, ಆಮೇಲೆ ಬಿಟ್ರು.

ಆದ್ರೆ ಮಾರ್ಲಾಮಿ ಹಬ್ಬ ಬಂತು. ಪಿತೃಪಕ್ಷದ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡೋ ದಿನ. “ಆವತ್ತೊಂದಿನ ಅವ್ನಿಗೆ ಏನಿಷ್ಟವೋ ಅದೆಲ್ಲಾ ಮಾಡ್ತೀನಿ, ಬ್ಯಾಡ ಅನ್ಬ್ಯಾಡ ಕಣವ್ವ” ಅಂದ್ರು ಅತ್ತೆ. ಹೇಗೆ ಬೇಡ ಅನ್ನಲಿ? ಅವರ ಮಗ. ಮಾಡಿ ಅಂದೆ. ಆದ್ರೆ ಆವತ್ತು ತಟ್ಟೆ ಮುಂದೆ ಮಗಳು ಕೂತ್ರೆ, ನಾಳೆಯಿಂದ ಮತ್ತೆ ಶುರು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬೆಳಿಗ್ಗೆಯಿಂದ ಅತ್ತೆ ಒಬ್ಬರೇ ಅಡುಗೆ ಮಾಡಿದ್ರು, ನನ್ನನ್ನ ಒಲೆ ಹತ್ತಿರ ಬಿಟ್ಕೊಳ್ಳಲಿಲ್ಲ. ಬಿರಿಯಾನಿ, ಬೋಟಿ, ಕಬಾಬ್, ಚಕ್ಕುಲಿ, ಜ್ಯೂಸು. ಹೊಸ ಶರ್ಟ್ ಒಂದು ತಂದು ಫೋಟೋ ಮುಂದೆ ಇಟ್ರು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ನಾವು ಮೂವರೂ ಹೊರಗೆ ಕೂತ್ವಿ. ಬಾಗಿಲು ತೆಗೆದಾಗ ಎಡೆ ಹಾಗೇ ಇತ್ತು, ಎಲ್ಲರ ಮನೇಲೂ ಇರೋ ಹಾಗೆ. ಎಲೆ ಎತ್ಕೊಂಡು ತಾರಸಿಗೆ ಹೋದ್ವಿ.

ಅತ್ತೆ ಕೈ ಎತ್ತಿ ಕಾ ಕಾ ಅಂದ್ರು. ಕಾಗೆ ಬರ್ಲಿಲ್ಲ. ಸುತ್ತಮುತ್ತ ತಾರಸಿಗಳಲ್ಲೂ ಒಂದೆರಡು ಮನೆಯವರು ನಿಂತು ಕರೀತಿದ್ರು. ಅಲ್ಲಿಗೂ ಬರ್ಲಿಲ್ಲ. ಪಾರಿವಾಳಗಳು ಮಾತ್ರ ಟ್ಯಾಂಕ್ ಮೇಲಿಂದ ಬಗ್ಗಿ ನೋಡ್ತಿದ್ವು. ಅತ್ತೆಯ ದನಿ ಸಣ್ಣಗಾಗ್ತಾ ಬಂತು. ಕೊನೆಗೆ ಗಾಳಿ ಮಾತ್ರ ಬಂತು, ದನಿ ಬರ್ಲಿಲ್ಲ. ಅವರ ಗದ್ದ ನಡುಗೋಕೆ ಶುರುವಾಯ್ತು.

ಮಗಳು ಅದನ್ನ ನೋಡಿದ್ಳು. ಒಂದು ಸಲ ನನ್ನ ಕಡೆ ತಿರುಗಿದ್ಳು, ಕ್ಷಮಿಸು ಅನ್ನೋ ಹಾಗೆ. ಆಮೇಲೆ ಎಲೆ ಮುಂದೆ ಕೂತು ತೋಳು ಮೇಲಕ್ಕೆ ಸರಿಸಿಕೊಂಡ್ಳು. “ಕೊಡಜ್ಜಿ, ನಾನು ತಿಂತೀನಿ” ಅಂದ್ಳು.

ನಾನು ಬೇಡ ಅನ್ನಬೇಕು, ಅನ್ನೋಕಾಗ್ತಿಲ್ಲ.

ಅತ್ತೆ ಬಗ್ಗಿ ಎಲೆಯನ್ನ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಂದ ತಮ್ಮ ಕಡೆಗೆ ಎಳ್ಕೊಂಡ್ರು. ಮೊಮ್ಮಗಳನ್ನೂ ನೋಡ್ಲಿಲ್ಲ, ನನ್ನನ್ನೂ ನೋಡ್ಲಿಲ್ಲ. ಟ್ಯಾಂಕ್‌ಗಳ ಮೇಲಿನ ಬರೀ ಆಕಾಶ ನೋಡ್ತಾ, ಊಟಕ್ಕೆ ಕೂತ ಮಗನ ಹತ್ತಿರ ಮಾತಾಡೋ ದನಿಯಲ್ಲೇ ಹೇಳಿದ್ರು:

“ಸಾಕು ಬುಡ್ಲಾ ಮಗಾ. ಉಂಡಿದ್ದು ಸಾಕು. ಮೊಗೀನ ಬುಟ್ಬುಡು.”

ಜೋಮು ಹಿಡಿದಿರೋವಾಗ ನೋವಿರಲ್ಲ, ಬಿಡೋವಾಗಲೇ. ಮೊದಲು ನನ್ನ ಗಂಟಲಿಂದ ಏನೋ ಸದ್ದು ಬಂತು, ನನ್ನದು ಅಂತಾನೇ ಗೊತ್ತಾಗ್ಲಿಲ್ಲ. ಆಮೇಲೆ ಒಣಹಾಕಿದ್ದ ಯಾರದೋ ಸೀರೆ ಹಿಡ್ಕೊಂಡು ಅಲ್ಲೇ ಕೂತೆ. ಕೂತು, ಅವರು ಷಟರ್ ಎತ್ತೋಕೆ ಬಗ್ಗಿದ ಬೆಳಿಗ್ಗೆಯಿಂದ ಬಾಕಿ ಇದ್ದಿದ್ದನ್ನೆಲ್ಲ ಅತ್ತುಬಿಟ್ಟೆ. ಮಗಳು ಎದ್ದು ಬಂದು ನನ್ನ ಪಕ್ಕ ಕೂತು, ಅಜ್ಜಿ ತನಗೆ ಮಾಡ್ತಿದ್ದ ಹಾಗೇ ನನ್ನ ಬೆನ್ನು ಸವರಿದ್ಳು. ಅವಳ ಕೈ ಖಾಲಿ ಇತ್ತು. ಅತ್ತೆ ಎಲೆಯಲ್ಲಿದ್ದ ಅನ್ನವನ್ನ ಹಿಡಿ ಹಿಡಿ ತೆಗೆದು ಪಾರಿವಾಳಗಳಿಗೆ ಎರಚ್ತಿದ್ರು.